ಫಾಲ್ಗುಣದ ಗುಡ್ಡಕ್ಕೆ ಬೆಂಕಿ ಬೇಡ

ಹೋಳಿ ಹುಣ್ಣಿಮೆಯ ದಿನಗಳಲ್ಲಿ ಗದಗಿನಿಂದ ಮುಂಡರಗಿಯ ಕಡೆಗೆ ಹೊರಟ ಬಸ್ಸಿನಲ್ಲಿ ಕುಳಿತು ಕಪ್ಪತಗುಡ್ಡವನ್ನು ನೋಡುವವರ ಬಾಯಿಂದ ಹೊರಡುವ ಮಾತು ಸಾಮಾನ್ಯವಾಗಿ ಒಂದೇ: ‘ಎಲ್ಲಾ ಒಣಗಿ ಹೋಗಿದೆ, ಇಲ್ಲೇನಿದೆ?’ ಮಾತನಾಡಿದವರದು ತಪ್ಪೆನ್ನಲಾಗದು. ಆ ಹೊತ್ತಿನಲ್ಲಿ ಗುಡ್ಡದ ಮೈ ಕಂದು, ಹುಲ್ಲು ಬಿಳಿಚಿಕೊಂಡಿರುತ್ತದೆ, ದಿಂಡಿಗ, ಕಗ್ಗಲಿ, ಉದಿಮರಗಳು ಎಲೆ ಕಳಚಿ ಕಡ್ಡಿಗಳಾಗಿ ನಿಂತಿರುತ್ತವೆ. ಎಪ್ಪತ್ತು ಗಿರಿಗಿಂತ ಕಪ್ಪತಗಿರಿ ಮೇಲೆಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ಮಾತನ್ನು ಕೇಳಿ ಬರುವವರೆಲ್ಲ ಶ್ರಾವಣಕ್ಕೆ ಬರುತ್ತಾರೆ. ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳೂ ಶ್ರಾವಣದವೇ. ಮಂಜು, ಹಸಿರು, ಹರಿಯುವ ಹಳ್ಳ. ಗುಡ್ಡವನ್ನು ಮೆಚ್ಚುವವರು ಅದನ್ನು ವರ್ಷದಲ್ಲಿ ಮೂರು ತಿಂಗಳು ನೋಡುತ್ತಾರೆ. ಉಳಿದ ಒಂಬತ್ತು ತಿಂಗಳು ಅದನ್ನು ನೋಡುವವರು ಕುರಿಗಾಹಿಗಳು, ಕಟ್ಟಿಗೆಯ ಹೊರೆ ಹೊರುವ ಹೆಂಗಸರು ಮತ್ತು ಬೆಂಕಿ ಕಾಯುವ ದಿನಗೂಲಿಯವರು. ಇವರನ್ನು ಯಾರೂ ಏನನ್ನೂ ಕೇಳುವುದಿಲ್ಲ.

ಈ ಗುಡ್ಡಕ್ಕೆ ಕಾನೂನಿನ ರಕ್ಷಣೆ ದೊರೆತದ್ದು ಸುಲಭವಾಗಿ ಅಲ್ಲ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರವೇ 2016ರಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಧರಣಿ ನಡೆದು, ಅದೇ ವರ್ಷ ಘೋಷಣೆ ಮರಳಿ ಬಂದಿತು. 2019ರಲ್ಲಿ 244 ಚದರ ಕಿಲೋಮೀಟರಿಗೂ ತುಸು ಹೆಚ್ಚಿನ ಪ್ರದೇಶ ವನ್ಯಜೀವಿಧಾಮವಾಯಿತು. ಧರಣಿ ನಡೆದ ಆ ಫೆಬ್ರುವರಿಯಲ್ಲಿಯೂ ಗುಡ್ಡ ಕಂದಾಗಿಯೇ ಇತ್ತೆಂಬುದನ್ನು ನೆನಪಿಡಬೇಕು. ಹಸಿರು ಕಾಣದ ಗುಡ್ಡಕ್ಕಾಗಿ ಅಷ್ಟು ಜನ ಬಿಸಿಲಿನಲ್ಲಿ ಕುಳಿತರು. ಅಂಥ ಜನರ ನಡುವೆಯೇ ಪ್ರತಿ ವರ್ಷ ಫಾಲ್ಗುಣ ಬಂದೊಡನೆ ಗುಡ್ಡದ ಮೇಲೆ ಹೊಗೆ ಏಳುತ್ತದೆ. ಗಣಿಯವರನ್ನು ಎದುರಿಸಿ ಉಳಿಸಿಕೊಂಡ ಇಳಿಜಾರುಗಳನ್ನು ನಾವೇ ಸುಡುತ್ತಿದ್ದೇವೆ. ಈ ಲೇಖನ ಆ ಕುರಿತು. ಆದರೆ ಬೆಂಕಿಯ ಮಾತಿಗೆ ಮೊದಲು, ಸುಡುವ ಹೊತ್ತಿನಲ್ಲಿ ಗುಡ್ಡ ಏನು ಮಾಡುತ್ತಿರುತ್ತದೆ ಎಂಬುದನ್ನು ಹೇಳಬೇಕು. ಹಲವು ವರ್ಷ ಮಾಘದಿಂದ ವೈಶಾಖದವರೆಗೆ ಒಂದೇ ಇಳಿಜಾರಿನಲ್ಲಿ ಅಡ್ಡಾಡಿ, ಒಂದು ಅಗ್ಗದ ನೋಟುಪುಸ್ತಕದಲ್ಲಿ ಗುರುತು ಹಾಕಿಕೊಂಡ ಸಂಗತಿಗಳು ಇವು.

ಮೊದಲು ಮುತ್ತಲ. ಮಾಘ ಮುಗಿಯುವ ವೇಳೆಗೆ ಅದರ ಬೋಳು ಟೊಂಗೆಗಳ ಮೇಲೆ ಕಪ್ಪು ಮಕಮಲ್ಲಿನಂಥ ಮೊಗ್ಗುಗಳು ಸಾಲುಗಟ್ಟುತ್ತವೆ. ಹೋಳಿಯ ಹೊತ್ತಿಗೆ ಮರಕ್ಕೆ ಮರವೇ ಕೆಂಡದ ಬಣ್ಣ. ಆ ಹೂವನ್ನು ಕುದಿಸಿ ಓಕುಳಿಯ ಬಣ್ಣ ತೆಗೆಯುತ್ತಿದ್ದುದನ್ನು ನಮ್ಮ ತಾಯಂದಿರು ಕಂಡಿದ್ದಾರೆ. ಮಕ್ಕಳು ಪೇಟೆಯ ಪುಡಿಯನ್ನಷ್ಟೇ ಕಂಡಿದ್ದಾರೆ. ಸೂರ್ಯೋದಯಕ್ಕೆ ಮುನ್ನ ಹೂಬಿಟ್ಟ ಮುತ್ತಲದ ಕೆಳಗೆ ಒಂದು ಗಂಟೆ ಸುಮ್ಮನೆ ಕೂರಬೇಕು. ಮೊದಲು ಬರುವುದು ಸೂರಕ್ಕಿ. ಬಳಿಕ ಪಿಕಳಾರ, ಕಾಜಾಣ, ಮೈನಾ. ನಂತರ ಗುಂಪುಗುಂಪಾಗಿ ಗುಲಾಬಿ ಕಬ್ಬಕ್ಕಿಗಳು ಗದ್ದಲವೆಬ್ಬಿಸುತ್ತ ಇಳಿಯುತ್ತವೆ. ಇವು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿಮಾಡಿ, ಚಳಿಗಾಲವನ್ನು ನಮ್ಮಲ್ಲಿ ಕಳೆದು, ಚೈತ್ರದಲ್ಲಿ ಮರಳಿ ಹೊರಡುವ ಹಕ್ಕಿಗಳು. ಸಾವಿರಾರು ಕಿಲೋಮೀಟರುಗಳ ಪ್ರಯಾಣಕ್ಕೆ ಮುನ್ನ ಅವು ಮೈಗೂಡಿಸಿಕೊಳ್ಳುವ ಬುತ್ತಿಯಲ್ಲಿ ಮುತ್ತಲದ ಮಕರಂದವೂ ಒಂದು ಪಾಲು. ಅಳಿಲು ಕೂಡ ಹೂವಿಗೆ ಬಾಯಿಡುತ್ತದೆ. ಹಳ್ಳದಲ್ಲಿ ನೀರು ಬತ್ತಿ, ಹಣ್ಣಿನ ಕಾಲ ಇನ್ನೂ ಬಾರದ ಆ ಕೆಲವು ವಾರಗಳಲ್ಲಿ ಇಡೀ ಇಳಿಜಾರಿಗೆ ಅನ್ನವಿಕ್ಕುವ ಮನೆ ಇದೊಂದೇ ಎಂದರೂ ಹೆಚ್ಚಾಗದು. ಬೂರುಗ ಇದ್ದಲ್ಲಿ ಅದೂ ಜೊತೆಗಿರುತ್ತದೆ. ನಮ್ಮ ಕಡೆ ಬೂರುಗ ವಿರಳ.

ಎರಡನೆಯದು ಚಿಗುರು. ಮಳೆ ಬಂದ ಮೇಲೆ ಗಿಡ ಚಿಗುರುತ್ತದೆ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಒಣಗುಡ್ಡದ ಮರಗಳು ಆ ಪಾಠವನ್ನು ಓದಿಲ್ಲ. ಒಂದು ಹನಿ ಮಳೆ ಬೀಳುವ ಮೊದಲೇ, ಬಿಸಿಲು ನೆತ್ತಿ ಸುಡುವ ದಿನಗಳಲ್ಲಿ, ತೂಬರೆಯ ತಾಮ್ರಗೆಂಪು ಎಲೆಗಳು ಬಿಚ್ಚಿಕೊಳ್ಳುತ್ತವೆ. ತಪ್ಪಲಿನ ಹೊಂಗೆ ಯುಗಾದಿಗೆ ಮುನ್ನವೇ ಮಿರುಗುತ್ತದೆ. ಬೇವು ಹೂಬಿಟ್ಟು ಹಬ್ಬಕ್ಕೆ ಸಿದ್ಧವಾಗುತ್ತದೆ. ನೀರೆಲ್ಲಿಂದ ಬಂತು? ಎಲೆ ಉದುರಿಸಿದ ಮರ ನೀರಿನ ಖರ್ಚನ್ನು ನಿಲ್ಲಿಸಿರುತ್ತದೆ. ಆಳಕ್ಕಿಳಿದ ಬೇರು ಮಾತ್ರ ಎಳೆಯುತ್ತಲೇ ಇರುತ್ತದೆ. ಬೊಡ್ಡೆ ಮೆಲ್ಲನೆ ತುಂಬಿಕೊಳ್ಳುತ್ತದೆ. ಆ ಉಳಿತಾಯದಿಂದಲೇ ಹೊಸ ಎಲೆ. ಇಷ್ಟು ಅವಸರವೇಕೆಂಬುದಕ್ಕೂ ಒಂದು ಉತ್ತರವಿದೆ. ಬಂಡೀಪುರಕ್ಕೆ ಹೊಂದಿಕೊಂಡಿರುವ ತಮಿಳುನಾಡಿನ ಮುದುಮಲೆಯ ಒಣ ಎಲೆಯುದುರುವ ಕಾಡಿನಲ್ಲಿ ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ಎಂಬ ವಿಜ್ಞಾನಿಗಳು ಮಾಡಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಬೇಸಿಗೆಯಲ್ಲಿ ಮುಂಚೆಯೇ ಚಿಗುರಿದ ಮರಗಳ ಎಲೆಗಳಿಗೆ ಕೀಟಗಳ ಕಾಟ ಕಡಿಮೆಯೆಂದೂ, ಮಳೆಯ ಜೊತೆಗೆ ಚಿಗುರಿದವುಗಳ ಎಲೆಗಳನ್ನು ಕೀಟಗಳು ಹೆಚ್ಚು ತಿಂದುಹಾಕುತ್ತವೆಯೆಂದೂ ಅವರು ತೋರಿಸಿದರು. ಹುಳುಗಳು ಮಳೆಗೆ ಕಾಯುತ್ತವೆ. ಮರ ಅವುಗಳಿಗಿಂತ ಒಂದು ಹೆಜ್ಜೆ ಮುಂದಿಡುತ್ತದೆ. ಮುಂಗಾರು ಬರುವಾಗ ಎಲೆ ಬಲಿತು ಗಟ್ಟಿಯಾಗಿರಬೇಕು. ಅಂದರೆ ಫಾಲ್ಗುಣ, ಚೈತ್ರಗಳಲ್ಲಿ ಮರ ತನ್ನ ವರ್ಷದ ಬಂಡವಾಳವನ್ನೆಲ್ಲ ಹೂಡಿಬಿಟ್ಟಿರುತ್ತದೆ. ಆಗ ಬಂದ ಬೆಂಕಿ ಎಲೆಯ ಜೊತೆಗೆ ಆ ಹೂಡಿಕೆಯನ್ನೂ ಸುಡುತ್ತದೆ. ದೊಡ್ಡ ಮರ ಮತ್ತೊಮ್ಮೆ ಚಿಗುರೀತು. ಮೊಣಕಾಲೆತ್ತರದ ಸಸಿಗೆ ಎರಡನೆಯ ಸಲ ಹೂಡಲು ಗಂಟೇ ಇರುವುದಿಲ್ಲ.

ಬಿಕ್ಕೆ ಗಿಡದ ತುದಿಮೊಗ್ಗಿನಲ್ಲಿ ಹಳದಿ ಅಂಟು ಜಿನುಗುತ್ತದೆ; ಡಿಕ್ಕಾಮಲ್ಲಿ ಎಂದು ಗಂಧಿಗೆ ಅಂಗಡಿಯಲ್ಲಿ ಮಾರುವುದು ಅದನ್ನೇ. ಅದರ ಬಿಳಿಯ ಹೂವು ಸಂಜೆ ಅರಳಿ ಮರುದಿನ ಹಳದಿಗೆ ತಿರುಗುತ್ತದೆ. ಕವಳೆಯ ಪೊದೆಗಳು ಮುಳ್ಳಿನ ನಡುವೆ ಬಿಳಿ ಹೂ ಬಿಟ್ಟು ಜ್ಯೇಷ್ಠದ ಹಣ್ಣಿಗೆ ಸಿದ್ಧತೆ ನಡೆಸುತ್ತಿರುತ್ತವೆ. ಕಕ್ಕೆ ಇನ್ನೂ ತಡ.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದಿರುವುದು ಅಡವಿ ಉಳ್ಳಾಗಡ್ಡಿ. ಹೆಸರು ಕೇಳಿ ಯಾರೂ ಬಾಯಿಗಿಡಬಾರದು; ಅದರ ಗಡ್ಡೆಯಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷವಿದೆ, ಔಷಧಿಯಾಗಿ ಬಳಸುವವರೂ ಅಂಜಿ ಬಳಸುವ ಗಡ್ಡೆ ಅದು. ವರ್ಷದ ಬಹುಪಾಲು ಅದು ನೆಲದೊಳಗಿರುತ್ತದೆ. ಚೈತ್ರದ ಕಾದ ನೆಲವನ್ನು ಸೀಳಿಕೊಂಡು, ಒಂದೇ ಒಂದು ಎಲೆಯೂ ಇಲ್ಲದ ನೇರವಾದ ದಂಟು ಮೇಲೇಳುತ್ತದೆ. ಹಗಲು ನೋಡಿದರೆ ಯಾರೋ ನೆಟ್ಟುಹೋದ ಒಣಕಡ್ಡಿ. ಹೊತ್ತು ಮುಳುಗಿದ ಮೇಲೆ ಅದರ ಮಾಸಲು ಬಿಳಿಯ ಗಂಟೆಗಳಂಥ ಹೂಗಳು ಬಿಚ್ಚುತ್ತವೆ, ಬೆಳಗಾಗುವಷ್ಟರಲ್ಲಿ ಬಾಡಿರುತ್ತವೆ. ಒಂದು ಹೂವಿಗೆ ಒಂದೇ ರಾತ್ರಿ. ಎಲೆ ಬರುವುದು ಮಳೆಯ ನಂತರ, ಆ ಹೊತ್ತಿಗೆ ಬೀಜ ಉದುರಿಸಿ ಆಗಿರುತ್ತದೆ. ಈ ಗಿಡವನ್ನು ನಾನು ಬಹುಕಾಲ ಗಮನಿಸಿರಲೇ ಇಲ್ಲ, ಏಕೆಂದರೆ ಬೆಳಗಿನ ತಂಪಿನಲ್ಲಿ ಗುಡ್ಡ ಹತ್ತಿ ಬಿಸಿಲೇರುವ ಮೊದಲು ಇಳಿದುಬಿಡುತ್ತಿದ್ದೆ. ಒಮ್ಮೆ ದಾರಿ ತಪ್ಪಿ ಕತ್ತಲಾದಾಗ ಕಂಡೆ. ಬೆಂಕಿ ಮಾರ್ಗಶಿರದಲ್ಲಿ ಬಂದರೆ ನೆಲದೊಳಗಿನ ಗಡ್ಡೆಗೆ ಏನೂ ಆಗದು. ದಂಟು ಎದ್ದ ಚೈತ್ರದಲ್ಲಿ ಬಂದರೆ ಗಡ್ಡೆ ಉಳಿಯುತ್ತದೆ, ಆ ವರ್ಷದ ಬೀಜವೆಲ್ಲ ಹೋಗುತ್ತದೆ. ಗಿಡ ಸಾಯಲಿಲ್ಲವಾದ್ದರಿಂದ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹತ್ತು ವರ್ಷ ಹೀಗೆಯೇ ನಡೆದರೆ ಅಲ್ಲಿರುವುದು ಮುದಿ ಗಡ್ಡೆಗಳು ಮಾತ್ರ.

ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಪಾಡು ಇದಕ್ಕಿಂತ ಕಠಿಣ. ಹಳದಿ ಟಿಟ್ಟಿಭ ಒಣಭೂಮಿಯ ಹಕ್ಕಿ. ಅದು ಮೊಟ್ಟೆಯಿಡುವುದು ಬೇಸಿಗೆಯಲ್ಲಿಯೇ, ಬಟಾಬಯಲಿನಲ್ಲಿ, ನಾಲ್ಕು ಹರಳುಗಳ ನಡುವೆ. ನತ್ತಿಂಗ ಹಕ್ಕಿಗೆ ಗೂಡೇ ಇಲ್ಲ. ತರಗೆಲೆಗಳ ಮೇಲೆಯೋ ಬರಿನೆಲದ ಮೇಲೆಯೋ ಎರಡು ಮೊಟ್ಟೆಯಿಟ್ಟು ಅದರ ಮೇಲೆ ಕಲ್ಲಿನಂತೆ ಕೂರುತ್ತದೆ. ಕಾಲಿಡುವವರೆಗೂ ಏಳುವುದಿಲ್ಲ. ಶತ್ರುವಿನ ಕಣ್ಣು ತಪ್ಪಿಸಲು ಕಲಿತ ಈ ವಿದ್ಯೆ ಬೆಂಕಿಯ ಮುಂದೆ ನಡೆಯದು. ಕೌಜುಗ ಹಾರಿ ತಪ್ಪಿಸಿಕೊಂಡೀತು, ಮೊಟ್ಟೆಗೆ ರೆಕ್ಕೆಯಿಲ್ಲ.

ತಪ್ಪಲಿನ ಹರಳುನೆಲದಲ್ಲಿ ಈ ಹೊತ್ತಿನಲ್ಲಿ ನಡೆಯುವ ಇನ್ನೊಂದು ಆಟವನ್ನು ವಿದ್ಯಾರ್ಥಿಗಳು ತಪ್ಪದೆ ನೋಡಬೇಕು. ಬೀಸಣಿಗೆ ಗಂಟಲಿನ ಗಂಡು ಓತಿ ಒಂದು ಕಲ್ಲಿನ ತುದಿಯೇರಿ, ಮುಂಗಾಲ ಮೇಲೆ ಮೈಯೆತ್ತಿ, ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚಿ ಮಾಡುತ್ತದೆ. ನೀಲಿ, ಕಪ್ಪು, ಕಿತ್ತಳೆ ಬಣ್ಣಗಳ ಆ ಬೀಸಣಿಗೆ ಹೆಣ್ಣನ್ನು ಕರೆಯಲು, ಇನ್ನೊಂದು ಗಂಡನ್ನು ಓಡಿಸಲು. ಎಲ್ಲ ಜೀವಿಗಳೂ ನೆರಳು ಹುಡುಕುವ ನಡುಹಗಲಿನಲ್ಲಿ ಇದರ ಮೆರವಣಿಗೆ. ಈ ಬಗೆಯ ಓತಿಗಳನ್ನು ವಿಜ್ಞಾನಿಗಳು 2016ರಲ್ಲಿ ಮರುಪರಿಶೀಲಿಸಿ ‘ಸರಡ’ ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು. ಬಂಜರೆಂದು ನಾವು ಕಡೆಗಣಿಸಿದ ನೆಲದಲ್ಲಿ, ಊರ ಹುಡುಗರು ಕಲ್ಲೆಸೆದು ಓಡಿಸುವ ಪ್ರಾಣಿಯಲ್ಲಿ, ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಹೊಸತು ಸಿಕ್ಕಿತು.

ದೊಡ್ಡ ಪ್ರಾಣಿಗಳನ್ನು ಕಂಡೆನೆಂದು ಬಡಾಯಿ ಕೊಚ್ಚಲಾರೆ. ಕತ್ತೆಕಿರುಬವನ್ನು ನಾನು ಸ್ಪಷ್ಟವಾಗಿ ಕಂಡದ್ದು ಎರಡೇ ಬಾರಿ. ಅದರ ಹಿಕ್ಕೆಯನ್ನು ಮಾತ್ರ ಅನೇಕ ಬಾರಿ ಕಂಡಿದ್ದೇನೆ. ಎಲುಬು ಅರಗಿಸಿಕೊಳ್ಳುವ ಪ್ರಾಣಿಯಾದ್ದರಿಂದ ಒಣಗಿದಾಗ ಸುಣ್ಣದ ಉಂಡೆಯಂತಿರುತ್ತದೆ. ಸತ್ತ ದನಕರುಗಳನ್ನು ಮುಗಿಸಿ ಊರಿಗೆ ಉಪಕಾರ ಮಾಡುವ ಈ ಪ್ರಾಣಿಗೆ ನಾವು ಕಟ್ಟಿದ ಕಥೆಗಳೆಲ್ಲ ಅಪವಾದದವೇ. ತೋಳದ ಮರಿಗಳು ಈ ಹೊತ್ತಿಗೆ ಗವಿ ಬಿಟ್ಟು ದೊಡ್ಡವುಗಳ ಹಿಂದೆ ತಿರುಗಲು ಕಲಿತಿರುತ್ತವೆ. ಕೊಂಡುಕುರಿಯದು ಬೇರೆಯೇ ಬದುಕು. ತಲೆಯ ಮೇಲೆ ನಾಲ್ಕು ಕೊಂಬುಗಳಿರುವ ಏಕೈಕ ಕಾಡು ಜಿಂಕೆಯಂಥ ಪ್ರಾಣಿ ಅದು. ಹಿಂಡು ಕಟ್ಟುವುದಿಲ್ಲ, ಎತ್ತರದ ಹುಲ್ಲಿನಲ್ಲಿ ಅಡಗಿ ಕೂರುತ್ತದೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಆ ರಾಶಿ ಹೊಸತಾಗಿದ್ದರೆ ಪ್ರಾಣಿ ಹತ್ತಿರದಲ್ಲಿಯೇ ಇದೆಯೆಂದು ತಿಳಿಯಬಹುದು. ನನ್ನ ಇಳಿಜಾರಿನ ಅಂಚಿನಲ್ಲಿ ಅಂಥ ಒಂದು ರಾಶಿ ಇತ್ತು. ಇಳಿಜಾರು ಸುಟ್ಟ ವರ್ಷ ಅದು ಹಳೆಯದಾಗುತ್ತ ಹೋಗಿ ಕೊನೆಗೆ ಪುಡಿಯಾಯಿತು. ಅಡಗಲು ಹುಲ್ಲೇ ಇಲ್ಲವಾದ ಮೇಲೆ ಅದು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಾಗಲಿಲ್ಲ.

ಇನ್ನು ಬೆಂಕಿಯ ಮಾತು. ಕಾಡ್ಗಿಚ್ಚು ಎಂದೊಡನೆ ಬಿದಿರು ಬಿದಿರಿಗೆ ಉಜ್ಜಿ ಕಿಡಿ ಹುಟ್ಟಿತೆಂದು ಪಠ್ಯಪುಸ್ತಕದಲ್ಲಿ ಓದಿದವರು ಹೇಳುತ್ತಾರೆ. ನಮ್ಮ ಗುಡ್ಡದಲ್ಲಿ ಬಿದಿರೂ ಇಲ್ಲ, ತಾನಾಗಿ ಹುಟ್ಟುವ ಕಿಡಿಯೂ ಇಲ್ಲ. ಬೆಂಕಿ ಹಚ್ಚುವವರು ಮನುಷ್ಯರು. ಎಳೆಹುಲ್ಲು ಬರಲೆಂದು ಹಚ್ಚುವವರಿದ್ದಾರೆ, ಮೊಲ ಹೊರಬರಲೆಂದು ಹಚ್ಚುವವರಿದ್ದಾರೆ, ಹೊಲದ ಬದುವಿಗೆ ಇಟ್ಟ ಕಿಚ್ಚನ್ನು ಕೈಬಿಟ್ಟವರಿದ್ದಾರೆ, ಬೀಡಿ ಸೇದಿ ಎಸೆದವರಿದ್ದಾರೆ. ಆಳೆತ್ತರದ ಒಣ ಬಾದೆಹುಲ್ಲಿಗೆ ಒಂದು ಕಿಡಿ ಸಾಕು. ಮೇಲೆ ಬೀಸುವ ಗಾಳಿ ಉಳಿದ ಕೆಲಸ ಮಾಡುತ್ತದೆ. ಗಾಳಿಯಂತ್ರ ನಿಲ್ಲಿಸಲು ಜನ ಈ ಗುಡ್ಡವನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಬಾಲ್ಯದಲ್ಲಿ ನಾನೂ ಹಚ್ಚಿದವನೇ. ಮನೆಯ ಹಿರಿಯರು ದನ ಕಾಯಲು ಕಳಿಸುವಾಗ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟು ಕಳಿಸುತ್ತಿದ್ದರು. ಅದನ್ನು ಅಪರಾಧವೆಂದು ಯಾರೂ ತಿಳಿದಿರಲಿಲ್ಲ. ಆದ್ದರಿಂದ ಕುರಿಗಾಹಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ಅಧಿಕಾರ ನನಗಿಲ್ಲ. ಅವನ ಅನುಭವ ಎಷ್ಟರಮಟ್ಟಿಗೆ ಸತ್ಯ, ಎಲ್ಲಿಂದಾಚೆಗೆ ಸತ್ಯವಲ್ಲ ಎಂಬುದನ್ನಷ್ಟೇ ಹೇಳಬಲ್ಲೆ.

ಸುಟ್ಟ ಜಾಗದಲ್ಲಿ ಹಸಿರು ಬೇಗ ಬರುತ್ತದೆ. ಇದು ನಿಜ. ಹಳೆಯ ಒಣದಂಟು ಹೋಗಿ ಬುಡಕ್ಕೆ ಬೆಳಕು ಬೀಳುತ್ತದೆ, ಬೂದಿಯ ಸತ್ವ ತಕ್ಷಣಕ್ಕೆ ದಕ್ಕುತ್ತದೆ, ಎಳೆಯ ಹುಲ್ಲು ಕುರಿಗೆ ರುಚಿ. ಆದರೆ ಆ ಹುಲ್ಲು ಎಲ್ಲಿಂದ ಬಂತು? ಮಳೆಯಿಂದಲ್ಲ, ಬೇರಿನಲ್ಲಿ ಕೂಡಿಟ್ಟ ಆಹಾರದಿಂದ. ಮುಂಗಾರಿನಲ್ಲಿ ಖರ್ಚು ಮಾಡಬೇಕಾದುದನ್ನು ಹುಲ್ಲಿನ ಬುಡ ಎರಡು ತಿಂಗಳು ಮೊದಲೇ ಖರ್ಚು ಮಾಡಿರುತ್ತದೆ. ಆ ಚಿಗುರನ್ನು ಕುರಿ ಮೇಯ್ದರೆ ಮತ್ತೆ ಚಿಗುರಬೇಕು, ಮತ್ತೆ ಮೇಯ್ದರೆ ಮತ್ತೆ. ಮಳೆ ಬರುವಾಗ ಬುಡ ದಿವಾಳಿ. ಹೀಗೆ ವರ್ಷವರ್ಷವೂ ಸುಟ್ಟು ಮೇಯಿಸಿದ ಇಳಿಜಾರಿನಲ್ಲಿ ದನ ಇಷ್ಟಪಡುವ ಬಹುವಾರ್ಷಿಕ ಹುಲ್ಲುಗಳು ಹಿಂದೆ ಸರಿದು ಸೂಜಿಹುಲ್ಲು ಮುಂದೆ ಬರುತ್ತದೆ. ಅದರ ಉಪಾಯ ನೋಡಿ. ಅದರ ಬೀಜಕ್ಕೆ ಹುರಿಯಂತೆ ತಿರುಚಿದ ಒಂದು ಬಾಲವಿದೆ. ಇಬ್ಬನಿಯ ತೇವ ತಾಗಿದರೆ ಆ ಹುರಿ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗಿ ತಿರುಗಿ ಬೀಜ ಬೈರಿಗೆಯಂತೆ ಮಣ್ಣಿನೊಳಗೆ ಇಳಿದುಬಿಡುತ್ತದೆ. ಮೇಲೆ ಬೆಂಕಿ ಹಾದುಹೋದರೂ ಅದು ಸುರಕ್ಷಿತ. ಅದೇ ಬೀಜ ಕುರಿಯ ಉಣ್ಣೆಯನ್ನು ದಾಟಿ ಚರ್ಮಕ್ಕೆ ಚುಚ್ಚುತ್ತದೆಂಬುದನ್ನು ಕುರಿಗಾಹಿಗೆ ನಾನು ಹೇಳಿಕೊಡಬೇಕಾಗಿಲ್ಲ. ತನ್ನ ಕುರಿಗಳನ್ನು ನೋಯಿಸುವ ಹುಲ್ಲನ್ನು ತಾನೇ ಬೆಳೆಸುತ್ತಿದ್ದೇನೆಂಬ ಒಂದು ಮಾತನ್ನಷ್ಟೇ ಅವನಿಗೆ ಯಾರೂ ಹೇಳಿಲ್ಲ. ಇನ್ನು ಬೂದಿಯ ಸತ್ವ ಅಲ್ಲಿಯೇ ಉಳಿಯುವುದೆಂಬ ಖಾತ್ರಿಯೂ ಇಲ್ಲ. ಭರಣಿಯ ಮಳೆ ಬಿರುಸಾಗಿ ಬಂದರೆ ಬೂದಿಯೊಂದಿಗೆ ಮೇಲ್ಮಣ್ಣೂ ಹಳ್ಳ ಸೇರಿ, ತಪ್ಪಲಿನ ಕೆರೆಯ ಹೂಳಾಗುತ್ತದೆ.

ಹಾಗಾದರೆ ಬೆಂಕಿಯೇ ಕೆಟ್ಟದ್ದೇ? ಇಲ್ಲಿ ನಮ್ಮ ಪರಿಸರವಾದಿ ಮಿತ್ರರಲ್ಲಿ ಕೆಲವರೊಡನೆ ನನಗೆ ಭಿನ್ನಾಭಿಪ್ರಾಯವಿದೆ. ಬೆಂಕಿಯ ಪ್ರಶ್ನೆಯನ್ನು ನಮಗಿಂತ ಹೆಚ್ಚು ಕಾಲ ಯೋಚಿಸಿದವರು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಅವರಲ್ಲಿ ‘ತರಗು ಬೆಂಕಿ’ ಎಂಬ ಪದ್ಧತಿಯಿತ್ತು. ಬೇಸಿಗೆಯ ಆರಂಭದಲ್ಲಿ, ನೆಲದಲ್ಲಿ ಇನ್ನೂ ತುಸು ತೇವವಿರುವಾಗ, ಉದುರಿದ ತರಗೆಲೆಗೆ ಮಾತ್ರ ತಾಗುವಂತೆ ಇಡುವ ತಗ್ಗಿನ ಬೆಂಕಿ ಅದು. 1974ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾಯಿತು, ತರಗು ಬೆಂಕಿ ನಿಂತಿತು. ಆ ಬಳಿಕವೇ ಲಂಟಾನ ಕಾಡನ್ನು ನುಂಗಿತು, ನೆಲ್ಲಿ ಮರಗಳಿಗೆ ಬಂದಣಿಕೆ ಹತ್ತಿತು ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಅವರ ಮಾತನ್ನು ಈಗ ಸಂಶೋಧಕರೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಇದನ್ನು ಕೇಳಿ ‘ನೋಡಿ, ಬೆಂಕಿ ಒಳ್ಳೆಯದು’ ಎಂದು ನಮ್ಮ ಗುಡ್ಡಕ್ಕೆ ಕಡ್ಡಿ ಗೀರಿದರೆ ಅದು ಸೋಲಿಗರಿಗೆ ಮಾಡುವ ಅವಮಾನ. ಅವರ ಬೆಂಕಿಗೆ ಕಾಲವಿತ್ತು, ಅಳತೆಯಿತ್ತು, ಹಚ್ಚಿದವರು ಅಲ್ಲಿಯೇ ಇರುತ್ತಿದ್ದರು. ನಮ್ಮದು ಬಿಸಿಲು ಏರಿದ ಫಾಲ್ಗುಣ–ಚೈತ್ರದ ಬೆಂಕಿ. ಹಚ್ಚಿದವನು ಹಿಂದಿರುಗಿ ನೋಡದೆ ಓಡಿರುತ್ತಾನೆ. ಎರಡಕ್ಕೂ ಬೆಂಕಿಯೆಂಬ ಒಂದೇ ಹೆಸರಿರುವುದು ಭಾಷೆಯ ಬಡತನ. ಅವರ ಕಾಡು ಬೇರೆ, ನಮ್ಮ ಹುಲ್ಲುಗುಡ್ಡ ಬೇರೆ. ಅವರಿಂದ ನಾವು ಕಲಿಯಬೇಕಾದದ್ದು ಕಾಲಜ್ಞಾನ.

ಇಲಾಖೆಯವರು ಇದನ್ನು ಒಪ್ಪುವುದು ಕಷ್ಟ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ 30ನೆಯ ಕಲಮು ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು ನಿಷೇಧಿಸಿದೆ. ಅದು ಸರಿಯಾಗಿಯೇ ಇದೆ, ಇರಲಿ. ಆದರೆ ಅದೇ ಕಾಯ್ದೆಯಲ್ಲಿ ಇನ್ನೂ ಎರಡು ಕಲಮುಗಳಿವೆ. ಅವುಗಳನ್ನು ಊರಿನ ಜನರಿಗೆ ಓದಿ ಹೇಳುವವರು ವಿರಳ. 33ನೆಯ ಕಲಮಿನ ಪ್ರಕಾರ ದನಕರುಗಳ ಮೇಯುವಿಕೆಯನ್ನು ನಿಯಂತ್ರಿಸುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ; ನಿಷೇಧಿಸುವ ಅಧಿಕಾರವಿರುವಂತೆಯೇ ಕ್ರಮಬದ್ಧವಾಗಿ ಬಿಡುವ ಅಧಿಕಾರವೂ ಇದೆ. 29ನೆಯ ಕಲಮಿನಲ್ಲಿ, ಅಭಯಾರಣ್ಯದಿಂದ ತೆಗೆದ ಅರಣ್ಯೋತ್ಪನ್ನವನ್ನು ಸುತ್ತಲಿನ ಜನರ ಸ್ವಂತ, ಪ್ರಾಮಾಣಿಕ ಅಗತ್ಯಗಳಿಗೆ ಬಳಸಬಹುದು, ವ್ಯಾಪಾರಕ್ಕೆ ಬಳಸಕೂಡದು ಎಂಬ ಮಾತಿದೆ. ಇವನ್ನು ಹಿಡಿದು ನಾವು ಕೇಳಬೇಕಾದುದು ಇಷ್ಟು: ಕಾರ್ತಿಕ, ಮಾರ್ಗಶಿರಗಳಲ್ಲಿ ಹುಲ್ಲು ತೆನೆ ಉದುರಿಸಿದ ಮೇಲೆ, ಗೊತ್ತುಪಡಿಸಿದ ಪಟ್ಟಿಗಳಲ್ಲಿ ಊರಿನವರು ಕುಡಗೋಲಿನಿಂದ ಹುಲ್ಲು ಕೊಯ್ದು ತಲೆಹೊರೆಯಲ್ಲಿ ಒಯ್ಯಲಿ. ಆ ಕೊಯ್ದ ಪಟ್ಟಿಯೇ ಬೆಂಕಿತಡೆಯಾಗಲಿ. ಈಗ ಬೆಂಕಿರೇಖೆಗೆ ಪ್ರತ್ಯೇಕ ಹಣ, ಪ್ರತ್ಯೇಕ ಗುತ್ತಿಗೆ. ಪಕ್ಕದ ಊರಿನಲ್ಲಿ ಮೇವಿಲ್ಲದ ದನ. ಕೊಯ್ಯಲು ಬಿಡದ ಹುಲ್ಲು ಫಾಲ್ಗುಣದಲ್ಲಿ ಉರಿಯುವುದು ನಿಶ್ಚಿತ, ಮತ್ತು ತನ್ನದಲ್ಲದ ಗುಡ್ಡಕ್ಕೆ ಬೆಂಕಿ ಬಿದ್ದರೆ ನಂದಿಸಲು ಯಾವ ಊರೂ ಓಡಿ ಬರುವುದಿಲ್ಲ. ಗುಡ್ಡವನ್ನು ಉಳಿಸಿದ ಜನರನ್ನೇ ಗುಡ್ಡದ ಕಳ್ಳರಂತೆ ಕಾಣುವ ರೀತಿ ಬದಲಾಗದೆ ಬೆಂಕಿ ನಿಲ್ಲದು. ಬೆಂಕಿ ನಂದಿಸಲು ಹಸಿಸೊಪ್ಪು ಹಿಡಿದು ಓಡುವ ದಿನಗೂಲಿ ಕಾವಲುಗಾರರಿಗೆ ಒಂದು ಜೊತೆ ಗಟ್ಟಿ ಬೂಟನ್ನಾದರೂ ಕೊಡಬೇಕೆಂಬುದು ಬೇರೆ ಮಾತು, ಆದರೂ ಹೇಳಿಬಿಡುತ್ತೇನೆ.

ಮೇಲಿನವರ ಕಣ್ಣಿನಲ್ಲಿಯೂ ದೋಷವಿದೆ. ಭಾರತದ ಬಂಜರುಭೂಮಿಗಳ ನಕಾಶೆ ಸಂಪುಟ ಮೊದಲು ಪ್ರಕಟವಾದದ್ದು 2000ದಲ್ಲಿ. ಉಪಗ್ರಹದ ಚಿತ್ರಗಳನ್ನು ನೋಡಿ ತಯಾರಿಸಿದ ಆ ಲೆಕ್ಕದಲ್ಲಿ ‘ಕುರುಚಲು ಇರುವ ಭೂಮಿ’ಯೂ ಬಂಜರಿನ ಒಂದು ವರ್ಗ, 2019ರ ಆವೃತ್ತಿಯಲ್ಲಿಯೂ ಹಾಗೆಯೇ ಇದೆ. ಆದರೆ ನಮ್ಮ ಅರಣ್ಯಾಧಿಕಾರಿಗಳು ಓದಿ ಬರುವ, ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಮಾಡಿದ ಕಾಡುಗಳ ವರ್ಗೀಕರಣದಲ್ಲಿ ಒಣ ಮುಳ್ಳುಕಾಡು ಒಂದು ಕಾಡು. ಒ೦ದೇ ನೆಲ ಒಂದು ಕಡತದಲ್ಲಿ ಕಾಡು, ಇನ್ನೊಂದರಲ್ಲಿ ಬಂಜರು! ಬಂಜರೆಂದು ಬರೆದ ಮೇಲೆ ಅಲ್ಲಿ ಏನು ಬೇಕಾದರೂ ಮಾಡಬಹುದು: ಕಲ್ಲು ಒಡೆಯಬಹುದು, ರಸ್ತೆ ಕೊರೆಯಬಹುದು, ಯಂತ್ರದಿಂದ ಗುಂಡಿ ತೋಡಿ ಹುಲ್ಲುಗಾವಲನ್ನು ನೀಲಗಿರಿಯ ತೋಪು ಮಾಡಿ ‘ಹಸಿರೀಕರಣ’ವೆಂದು ಫಲಕ ಹಾಕಬಹುದು. ಫಾಲ್ಗುಣದಲ್ಲಿ ಸುಡುವವನ ತಪ್ಪು ಮತ್ತು ಜೂನಿನಲ್ಲಿ ನೆಡುವವನ ತಪ್ಪು ಬೇರೆ ಬೇರೆಯಲ್ಲ. ಇಬ್ಬರೂ ಅಲ್ಲಿ ಏನೂ ಇಲ್ಲವೆಂದು ತಿಳಿದವರು.

ಏನಿದೆ ಎಂಬುದನ್ನು ಹೇಳಬೇಕಾದವರು ನಾವು, ಹೇಳಬೇಕಾದದ್ದು ತಾರೀಖಿನ ಸಮೇತ. ಕಡತದ ಎದುರು ಭಾವುಕ ಮಾತು ನಿಲ್ಲುವುದಿಲ್ಲ, ಬರೆದಿಟ್ಟ ದಿನಾಂಕ ನಿಲ್ಲುತ್ತದೆ. ವಿದ್ಯಾರ್ಥಿ ಮಿತ್ರರು ನಿಮ್ಮ ನಿಮ್ಮ ಊರಿನ ಒಂದು ಇಳಿಜಾರನ್ನು, ಅದರಲ್ಲಿ ಹತ್ತು ಗಿಡಗಳನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ ಹೋಗಿ ಎಲೆ ಉದುರಿತೇ, ಮೊಗ್ಗು ಬಂತೇ, ಹೂವೇ, ಚಿಗುರೇ, ಕಾಯೇ ಎಂದು ಬರೆಯಿರಿ. ದೇಶದ ಅನೇಕ ಶಾಲೆಗಳ ಮಕ್ಕಳು ‘ಸೀಸನ್ ವಾಚ್’ ಎಂಬ ಯೋಜನೆಯಡಿ ಮರಗಳನ್ನು ಹೀಗೆಯೇ ಗಮನಿಸುತ್ತಿದ್ದಾರೆ. ಅದಕ್ಕೆ ಸೇರಿದರೂ ಆದೀತು, ಸೇರದೆ ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದರೂ ಆದೀತು. ಬೆಂಕಿ ಬಿದ್ದರೆ ಅದರ ದಿನ, ಹೊತ್ತು, ಯಾವ ಕಡೆಯಿಂದ ಬಂತು, ಎಲ್ಲಿಗೆ ನಿಂತಿತು ಎಂಬುದನ್ನೂ ಬರೆಯಿರಿ. ಯಾರು ಹಚ್ಚಿದರೆಂಬುದನ್ನು ಬರೆಯಬೇಡಿ, ಅದು ಊರಿನಲ್ಲಿ ಕೂತು ಮಾತನಾಡುವ ವಿಷಯ. ಕಾಲವನ್ನು ಇಂಗ್ಲಿಷ್ ತಿಂಗಳಲ್ಲಿಯೂ ಮಳೆನಕ್ಷತ್ರದಲ್ಲಿಯೂ ಗುರುತಿಸಿ. ಅಶ್ವಿನಿಗೆ ಏನು ಅರಳಿತು, ರೋಹಿಣಿಗೆ ಏನು ಉದುರಿತು ಎಂಬುದು ನಿಮ್ಮ ಅಜ್ಜನಿಗೆ ಗೊತ್ತಿರುತ್ತದೆ. ಕೇಳಿ ಅದನ್ನೂ ಒಂದು ಬದಿಗೆ ಬರೆಯಿರಿ. ಅವರ ಕಾಲಕ್ಕೂ ಈಗಿನ ಕಾಲಕ್ಕೂ ಎಷ್ಟು ದಿನಗಳ ಅಂತರ ಬಿದ್ದಿದೆಯೆಂದು ತಿಳಿಯಲು ಬೇರೆ ದಾರಿಯಿಲ್ಲ.

ನನ್ನ ಪುಸ್ತಕದ ಈ ವರ್ಷದ ಪುಟ ಹೀಗಿದೆ. ಮುತ್ತಲದ ಮೊದಲ ಹೂವು ಹೋಳಿಗೆ ಒಂಬತ್ತು ದಿನ ಮೊದಲು. ತೂಬರೆ ಚಿಗುರು, ಯುಗಾದಿಯ ಹಿಂದಿನ ವಾರ. ಹಳದಿ ಟಿಟ್ಟಿಭದ ಗೂಡು ಒಂದು, ಮೊಟ್ಟೆ ನಾಲ್ಕು. ಮುಂದಿನ ವಾರ ಮೊಟ್ಟೆಯಿಲ್ಲ, ಚಿಪ್ಪೂ ಇಲ್ಲ, ಮರಿಯಾದವೋ ನರಿಯ ಪಾಲಾದವೋ ಗೊತ್ತಿಲ್ಲ. ಹಿಂದೊಮ್ಮೆ ಸುಟ್ಟ ಇಳಿಜಾರಿನ ಪೂರ್ವದ ಅಂಚಿನಲ್ಲಿ ಅಡವಿ ಉಳ್ಳಾಗಡ್ಡಿಯ ದಂಟುಗಳು ಹನ್ನೊಂದು. ಕೊಂಡುಕುರಿಯ ಹಳೆಯ ಜಾಗದಲ್ಲಿ ಏನೂ ಇಲ್ಲ.